ಬಾಯಿಮಾತಿನ ಸಾರು

ಪಾದ್ರಿ ಸಮುದ್ರಕ್ಕೆ ಶಿಲುಬೆ ಎಸೆಯುವ ಹಬ್ಬದ ದಿನ ಅಮ್ಮ ದಡದ ಗಾಳಿಯಲ್ಲಿ ತುಂಬ ಹೊತ್ತು ನಿಂತಿದ್ದಳು. ಮರುದಿನವೇ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಎಂಟು ದಿನ ಕಳೆದರೂ ಹಾಸಿಗೆ ಬಿಟ್ಟೇಳಲಿಲ್ಲ. ಎದುರಿನ ಪೋರೊಸ್ ದ್ವೀಪದಿಂದ ದೋಣಿಯಲ್ಲಿ ಬಂದ ವೈದ್ಯರು ಬೆನ್ನಿಗೆ ಕಿವಿಯಿಟ್ಟು ಕೇಳಿ, "ಔಷಧಿಗಿಂತ ಮೊದಲು ಹೊಟ್ಟೆಗೆ ಏನಾದ್ರೂ ಬೀಳಬೇಕು, ಕೋಳಿ ಸಾರು ಕುಡಿಸಿ" ಎಂದು ಹೇಳಿ ಹೋದರು. ೧೯೫೩ರ ಜನವರಿ ಅದು. ನನಗೆ ಇಪ್ಪತ್ತಮೂರು ವರ್ಷ. ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಗರುಫಾಲಿಯಾ ಒಂದು ಮುದಿ ಕೋಳಿ ಕೊಯ್ದು ತಂದು, ನನ್ನನ್ನು ನಂಬದೆ ತಾನೇ ಪುಕ್ಕ ಕೀಳಲು ಕೂತಳು.

"ನೀನು ಮೇಷ್ಟ್ರಮ್ಮ ಆಗಿದ್ದು ಒಳ್ಳೇದಾಯ್ತು ಕಣೆ ಸ್ತಮಾತಿಯಾ. ನಿನ್ನ ಕೈಗೆ ಕೊಟ್ಟಿದ್ರೆ ಈ ಕೋಳಿಗೇ ಬೇಜಾರಾಗಿ ಎದ್ದು ಹೋಗ್ತಿತ್ತು."

"ಸ್ವಲ್ಪ ಮೆತ್ತಗೆ ಮಾತಾಡು ಅತ್ತೆ. ಅಮ್ಮಂಗೆ ಈಗಷ್ಟೇ ನಿದ್ದೆ ಹತ್ತಿದೆ."

"ಮೊಟ್ಟೆ ನಿಂಬೆಹಣ್ಣು ಹಾಕ್ತೀಯೋ, ಇಲ್ವೋ?"

"ಇಲ್ಲ. ಬರೀ ಅಕ್ಕಿ ಹಾಕಿ ಕೊಡ್ತೀನಿ."

ಗರುಫಾಲಿಯಾ ನನ್ನ ಮುಖ ನೋಡಿ, ಮತ್ತೆ ಪುಕ್ಕ ಕೀಳತೊಡಗಿದಳು. ನಮ್ಮ ಮನೆಯಲ್ಲಿ ನಿಂಬೆ-ಮೊಟ್ಟೆಯ ಸಾರು, ನಾವು ಅವ್ಗೊಲೇಮೊನೊ ಅನ್ನುತ್ತೇವಲ್ಲ, ಅದನ್ನು ಮಾಡಿ ಐದು ವರ್ಷ ದಾಟಿತ್ತು. ಕ್ರಿಸ್ಮಸ್ ದಿನ ಚರ್ಚಿನಿಂದ ಬಂದ ಕೂಡಲೇ ಅಮ್ಮ ಅದನ್ನು ಮಾಡುತ್ತಿದ್ದಳು. ಅಣ್ಣ ಅರ್ಗೀರಿಸ್‌ನನ್ನು ಪೋಲೀಸರು ಹಿಡಿದುಕೊಂಡು ಹೋದ ವರ್ಷದಿಂದ ನಿಂತುಹೋಯಿತು. ಗ್ರೀಸಿನಲ್ಲಿ ಆಗ ಅಂತರ್ಯುದ್ಧದ ಕಾಲ. ಅವನು ಸರ್ಕಾರದ ವಿರುದ್ಧ ಬಂದೂಕು ಹಿಡಿದು ಬೆಟ್ಟ ಹತ್ತಿದವರಿಗೆ ರೊಟ್ಟಿ ಕಳಿಸಿದ್ದನಂತೆ. ಮೂರು ವರ್ಷ ಬಿಟ್ಟು ಜೈಲಿನಿಂದ ಒಂದು ಕಾಗದ ಬಂತು: ಎದೆರೋಗದಿಂದ ಮರಣ. ದೇಹ ಕೊಡಲಿಲ್ಲ, ಎಲ್ಲಿ ಹೂತರೆಂದೂ ಬರೆದಿರಲಿಲ್ಲ. ಅಮ್ಮ ಆ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿದಳು. ಅವಳಿಗೆ ಓದು ಬರದು. "ಇದರಲ್ಲಿ ಅವನ ಹೆಸರು ತಪ್ಪಾಗಿ ಬರೆದಿದ್ದಾರೋ ಏನೋ" ಎಂದಳು. ಆಮೇಲೆ ಆ ಮಾತೆತ್ತಲಿಲ್ಲ. ಆದರೆ ಮಧ್ಯಾಹ್ನದ ದೋಣಿಯ ಸಿಳ್ಳೆ ಕೇಳಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಹಾಗೇ ನಿಲ್ಲಿಸುತ್ತಿದ್ದಳು.

ಗರುಫಾಲಿಯಾ ಹೋದ ಮೇಲೆ ಕೋಳಿಯನ್ನು ಈರುಳ್ಳಿ, ಕ್ಯಾರೆಟ್ ಹಾಕಿ ಬೇಯಲಿಟ್ಟೆ. ಮೇಲೆ ಬಂದ ನೊರೆ ತೆಗೆಯುತ್ತ ನಿಂತಿದ್ದೆ. ದೋಣಿ ಬಂದು ಅರ್ಧ ಗಂಟೆಯಾಗಿತ್ತು. ಅಂಗಳದಲ್ಲಿ ಹೆಜ್ಜೆ ಸದ್ದಾಯಿತು. ಬಾಗಿಲು ತಟ್ಟಲಿಲ್ಲ, ಕೂಗಲೂ ಇಲ್ಲ. ಒಬ್ಬ ಗಂಡಸು ನೇರ ಅಡುಗೆಮನೆಯ ಬಾಗಿಲಿಗೆ ಬಂದ. ಒಳಗೆ ಕಾಲಿಡುವ ಮುಂಚೆ ತಲೆ ಬಗ್ಗಿಸಿದ.

ನನ್ನ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು. ಆ ಬಾಗಿಲಿನ ಮೇಲಿನ ತೊಲೆ ತಗ್ಗು. ಅಣ್ಣ ನಮ್ಮೂರಿಗೇ ಎತ್ತರದವನು, ದಿನಕ್ಕೆರಡು ಸಲ ಅದಕ್ಕೆ ಹಣೆ ಬಡಿಸಿಕೊಳ್ಳುತ್ತಿದ್ದ. ಕೊನೆಗೆ ಬಗ್ಗಿ ಬರುವುದು ರೂಢಿಯಾಯಿತು. ಈ ಮನುಷ್ಯನೋ ಗಿಡ್ಡ. ನನ್ನ ಕಿವಿಯಷ್ಟೆತ್ತರ. ಟೋಪಿ ಹಾಕಿಕೊಂಡು ನಿಂತರೂ ಅವನ ತಲೆಗೂ ತೊಲೆಗೂ ಒಂದು ಗೇಣು ಅಂತರ ಉಳಿಯುತ್ತಿತ್ತು. ಆದರೂ ಅಣ್ಣನ ಹಾಗೆಯೇ, ಎಡಗಡೆಗೆ ಒಂದಿಷ್ಟು ವಾಲಿ, ಬಗ್ಗಿ ಬಂದ.

"ಯಾರು ನೀವು?"

ಅವನು ಉತ್ತರ ಕೊಡದೆ ಸುತ್ತ ನೋಡಿದ. ತುಟಿ ಅಲುಗುತ್ತಿತ್ತು. "ಒಲೆ ಬಲಗಡೆ," ಎಂದುಕೊಂಡ. "ಕಿಟಕಿ. ಕಿಟಕಿಯಿಂದ ನಿಂಬೆಗಿಡ." ನಂತರ ಬಾಗಿಲ ಹಿಂದಕ್ಕೆ ಕೈ ಚಾಚಿದ. ಅಲ್ಲಿ ಮೊದಲು ಒಂದು ಮೊಳೆ ಇತ್ತು, ಕೈಬಟ್ಟೆ ತೂಗುಹಾಕಲು. ಗೋಡೆಗೆ ಸುಣ್ಣ ಹೊಡೆಸಿದಾಗ ನಾನೇ ಕಿತ್ತಿದ್ದೆ. ಅವನ ಕೈ ಬರೀ ಗೋಡೆಯನ್ನು ಸವರಿತು. ಅವನ ಮುಖ ಬಿಳಿಚಿತು, ಯಾರೋ ಅವನ ಸ್ವಂತದ್ದನ್ನು ಕದ್ದಂತೆ.

"ಮೊಳೆ ಇಲ್ಲಿತ್ತು," ಅಂದ.

"ಯಾರು ನೀವು ಅಂತ ಕೇಳಿದೆ."

ಆಗ ಟೋಪಿ ತೆಗೆದ. ಮೂವತ್ತರ ಆಸುಪಾಸಿನ ಮುಖ, ಪೂರ್ತಿ ನರೆತ ಕೂದಲು. ಕೈಯಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. "ತಪ್ಪು ತಿಳ್ಕೋಬೇಡಿ. ಅನೆಸ್ತಿಸ್ ಅಂತ. ನಿಮ್ಮಣ್ಣನ ಜೊತೆ ಎರಡೂವರೆ ವರ್ಷ ಒಳಗಿದ್ದೆ. ಒಂದೇ ಕೋಣೆ. ಹೋದ ತಿಂಗಳು ಬಿಟ್ಟರು. ಬಾಗಿಲು ತಟ್ಟಬೇಕಿತ್ತು, ಮರೆತೆ. ಈ ಮನೇಲಿ ಬಾಗಿಲು ತಟ್ಟಿ ಅಭ್ಯಾಸ ಇಲ್ಲ ನಂಗೆ."

ಅವನು ಅಲ್ಲಿಯವರೆಗೆ ನಮ್ಮ ಜಿಲ್ಲೆಗೇ ಕಾಲಿಟ್ಟವನಲ್ಲ.

ಒಳಕೋಣೆಯಿಂದ ಅಮ್ಮನ ಕೆಮ್ಮು ಕೇಳಿತು. ಆಮೇಲೆ ದನಿ. "ಯಾರೇ ಅದು? ಬಗ್ಗಿ ಬಂದರಲ್ಲ, ಯಾರು?"

ಹಾಸಿಗೆಯಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಅವಳು ಕಣ್ಣು ತೆರೆದೇ ಮಲಗಿದ್ದಳು.

ಅನೆಸ್ತಿಸ್ ಅವಳ ಮಂಚದ ಬಳಿ ಹೋಗಿ ನೆಲದ ಮೇಲೆ ಕೂತು, ತಾನು ಯಾರೆಂದು ಹೇಳಿದ. ಅಮ್ಮ ಅಳಲಿಲ್ಲ. ಅವನ ಮುಖವನ್ನು ಕೈಯಿಂದ ತಡವಿದಳು, ಕುರುಡರು ತಡವುವ ಹಾಗೆ.

"ಅನೆಸ್ತಿಸ್. ಸಾವಿನಿಂದ ಎದ್ದು ಬಂದವನು ಅಂತ ಹೆಸರಿಟ್ಟಿದಾರೆ ನಿಂಗೆ. ನನ್ನ ಮಗನ ಬದಲು ನೀನು ಎದ್ದು ಬಂದ್ಯೇನಪ್ಪ?"

"ಹೂಂ ಅಮ್ಮ. ಅದೇ ನಾಚಿಕೆ ನಂಗೆ."

"ನಾಚ್ಕೊಂಡಿದ್ದು ಸಾಕು. ನಿಮ್ಮಮ್ಮ ಇದಾಳಾ?"

"ಇಲ್ಲ. ನೋಡಿದ ನೆನಪೂ ಇಲ್ಲ. ಅನಾಥಾಲಯದಲ್ಲಿ ಬೆಳೆದವನು. ಅಲ್ಲಿ ಅಡುಗೆಮನೆಗೆ ಹುಡುಗರನ್ನ ಬಿಡ್ತಿರಲಿಲ್ಲ."

ನಾನು ಕೋಳಿಯನ್ನು ಪಾತ್ರೆಯಿಂದ ತೆಗೆದು, ಸಾರಿಗೆ ಅಕ್ಕಿ ಹಾಕಿದೆ. ಅವನು ಹಿಂದೆಯೇ ಬಂದ. "ಮೊಟ್ಟೆ ಎಲ್ಲಿ?" ಎಂದು ಕೇಳಿದ. ಮೊಟ್ಟೆ ಹಾಕುವುದಿಲ್ಲ ಎಂದೆ. ಅವನಿಗೆ ಅರ್ಥವೇ ಆಗಲಿಲ್ಲ. "ಮೊಟ್ಟೆ ಇಲ್ದೆ ಹೇಗೆ? ಇಲ್ಲಿ ಯಾವತ್ತೂ ಮೊಟ್ಟೆ ಹಾಕ್ತಾರೆ."

"ಬಿಡು, ಮಾಡ್ಲಿ," ಅಂತ ಒಳಗಿನಿಂದ ಅಮ್ಮ ಹೇಳಿದಳು.

ಅವನು ಅಂಗಳಕ್ಕೆ ಹೋಗಿ ಎರಡು ನಿಂಬೆಹಣ್ಣು ಕಿತ್ತು ತಂದ. ಬುಟ್ಟಿಯಿಂದ ಮೂರು ಮೊಟ್ಟೆ ತೆಗೆದ. ಒಂದು ಬಿರುಕು ಬಿಟ್ಟಿದ್ದನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ಸಿಟ್ಟು ಬೇರೆ ತೆಗೆದ. ಒಡೆಯುವಾಗ ಮಾತ್ರ ಅವನ ಬೆರಳುಗಳು ಪೆದ್ದಾದವು. ಮೊದಲ ಮೊಟ್ಟೆಯ ಚಿಪ್ಪು ಬಟ್ಟಲಿಗೆ ಬಿತ್ತು. ಆಗ ತಿಳಿಯಿತು, ಈ ಮನುಷ್ಯ ಜೀವಮಾನದಲ್ಲಿ ಮೊಟ್ಟೆ ಒಡೆದವನಲ್ಲ. ಮುಂದೆ ಏನು ಮಾಡಬೇಕೆಂಬುದು ಮಾತ್ರ ಅವನಿಗೆ ಬಾಯಿಪಾಠ. ಬಿಳಿಯನ್ನು ಬೇರೆ ಮಾಡಿ ನೊರೆ ಬರುವವರೆಗೆ ಕಡೆದ. ಹಳದಿ ಬೆರೆಸಿದ. ನಿಂಬೆರಸ ಹನಿಹನಿಯಾಗಿ ಹಿಂಡಿದ. ಪಾತ್ರೆಯನ್ನು ಒಲೆಯಿಂದ ಇಳಿಸಿ, ಕುದಿ ಅಡಗುವವರೆಗೆ ಕಾದ. ಆ ಕಾಯುವುದರಲ್ಲೂ ಅಮ್ಮನ ಲೆಕ್ಕವೇ ಇತ್ತು: 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪ್ರಾರ್ಥನೆ ಒಂದು ಸಲ, ನಿಧಾನವಾಗಿ.

ಕೆಲಸ ಮಾಡುತ್ತ ಹೇಳಿದ. ಜೈಲಿನಲ್ಲಿ ಸಂಜೆ ಬಾಗಿಲು ಹಾಕಿದ ಮೇಲೆ ಹನ್ನೊಂದು ಜನ ಗಂಡಸರು ಬರೀ ಬಾಯಿಮಾತಿನಲ್ಲೇ ಅಡುಗೆ ಮಾಡುತ್ತಿದ್ದರು. ದಿನಕ್ಕೊಬ್ಬನ ಸರದಿ. ಒಬ್ಬ ಹುರುಳಿಕಾಯಿ ಬೇಯಿಸುತ್ತಿದ್ದ, ಇನ್ನೊಬ್ಬ ಸೊಪ್ಪಿನ ಕಡುಬು. ಅವಸರ ಮಾಡುವಂತಿರಲಿಲ್ಲ. ಈರುಳ್ಳಿ ಹೆಚ್ಚಿದರೆ ಹೆಚ್ಚುವಷ್ಟೇ ಹೊತ್ತು ಹೆಚ್ಚಬೇಕು. ಯಾರಾದರೂ ಉಪ್ಪು ಮರೆತರೆ ಉಳಿದವರು ರೇಗುತ್ತಿದ್ದರು. "ಅರ್ಗೀರಿಸ್ ಸರದಿ ಬಂತೂಂದ್ರೆ ಎಲ್ರೂ ಎದ್ದು ಕೂರೋರು. ಅವನು ಅಂಗಳದಿಂದ ಶುರು ಮಾಡೋನು. ಗೇಟು, ಬಾವಿ, ನಿಂಬೆಗಿಡ, ಬಾಗಿಲ ಹತ್ರ ಬಂದಾಗ 'ತಲೆ ಬಗ್ಸ್ರೋ' ಅನ್ನೋನು. ನಾವು ಕೂತಲ್ಲೇ ಬಗ್ಸ್ತಿದ್ವಿ."

ನಾನು ಒಲೆಯ ಕಡೆ ತಿರುಗಿ ನಿಂತಿದ್ದೆ.

ಬಿಸಿ ಸಾರನ್ನು ಮೊಟ್ಟೆಗೆ ಸೇರಿಸುವ ಹೊತ್ತು ಬಂತು. ಅವಸರಪಟ್ಟರೆ ಮೊಟ್ಟೆ ಬೆಂದು, ಸಾರು ಹಾಲಿನಂತೆ ಒಡೆದುಹೋಗುತ್ತದೆ. ಒಂದು ಕೈಯಲ್ಲಿ ಸೌಟಿನಿಂದ ಎಳೆಯಾಗಿ ಸುರಿಯಬೇಕು, ಇನ್ನೊಂದು ಕೈಯಲ್ಲಿ ಬಿಡದೆ ಕಡೆಯಬೇಕು. ಆಗ ಪಕ್ಕದಲ್ಲಿ ಯಾರಾದರೂ ಮುತ್ತು ಕೊಡುವ ಸದ್ದು ಮಾಡಬೇಕು ಎನ್ನುವುದು ನಮ್ಮ ಕಡೆಯ ಹೆಂಗಸರ ಪದ್ಧತಿ. ಬಿಸಿಗೆ ಹೆದರಿದ ಮೊಟ್ಟೆಯನ್ನು ಸಮಾಧಾನಪಡಿಸಲಂತೆ. ನಮ್ಮ ಮನೆಯಲ್ಲಿ ಅದು ನನ್ನ ಕೆಲಸವಾಗಿತ್ತು. ಚಿಕ್ಕವಳಿದ್ದಾಗ ಸ್ಟೂಲು ಹತ್ತಿ ನಿಂತು ಪಾತ್ರೆಯ ಕಡೆ ತುಟಿ ಚಾಚಿ ಮಾಡುತ್ತಿದ್ದೆ. ಅಣ್ಣ ಹಿಂದಿನಿಂದ ನನ್ನ ಸೊಂಟ ಹಿಡಿದಿರುತ್ತಿದ್ದ, ಬೀಳಬಾರದೆಂದು.

ಅನೆಸ್ತಿಸ್ ಸೌಟು ಎತ್ತಿ ಹಿಡಿದು ನನ್ನ ಕಡೆ ನೋಡಿದ. ಕಾದ. ಅವನ ಕಣ್ಣು ನನ್ನ ಮುಖದ ಮೇಲಿರಲಿಲ್ಲ. ಅದಕ್ಕಿಂತ ಕೆಳಗೆ, ಸ್ಟೂಲು ಹತ್ತಿ ನಿಂತ ಎಂಟು ವರ್ಷದ ಹುಡುಗಿಯ ಮುಖ ಇರಬೇಕಾದ ಎತ್ತರದಲ್ಲಿತ್ತು.

ತುಟಿ ಚಾಚಲು ನೋಡಿದೆ. ಆಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಸದ್ದು ಬಂತು. ಮೆಲ್ಲಗೆ, ಉಸಿರಿಲ್ಲದ ಮುತ್ತುಗಳು. ಒಂದು, ಆಮೇಲೆ ಇನ್ನೊಂದು, ನಡುವೆ ಕೆಮ್ಮು, ಮತ್ತೆ ಒಂದು. ಅಮ್ಮ ಚಾವಣಿ ನೋಡುತ್ತ ಮಲಗಿ ಮಾಡುತ್ತಿದ್ದಳು. ಅವನು ಸುರಿಯತೊಡಗಿದ. ಸಾರು ಒಡೆಯಲಿಲ್ಲ. ಹಳದಿ ಬಣ್ಣಕ್ಕೆ ತಿರುಗಿ ದಪ್ಪಗಾಯಿತು. ಮನೆಯೆಲ್ಲ ಆ ವಾಸನೆ ಹರಡಿತು. ಸತ್ತವನು ನಡೆದು ಬಂದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ.

ಅಮ್ಮ ಜ್ವರ ಬಂದ ಮೇಲೆ ಮೊದಲ ಸಲ ಒಂದು ಬಟ್ಟಲು ಪೂರ್ತಿ ಕುಡಿದಳು. ದಿಂಬಿಗೊರಗಿ ಕೂತು ಕೇಳಿದಳು.

"ಅವನು ಹೇಳ್ತಿದ್ದ ಮನೇಲಿ ಯಾರ್ಯಾರು ಇರ್ತಿದ್ರು?"

"ನೀವು ಒಲೆ ಹತ್ರ. ಸ್ಟೂಲಿನ ಮೇಲೆ ತಂಗಿ. ಅಪ್ಪ ಕಿಟಕಿ ಪಕ್ಕ, ಕೈಯಿರೋ ಕುರ್ಚೀಲಿ. ಅಪ್ಪ ರೊಟ್ಟಿ ಮುರಿದು ಎಲ್ರಿಗೂ ಕೊಟ್ಟ ಮೇಲೆ ಊಟ." ಅವನು ಕಿಟಕಿಯ ಕಡೆ ನೋಡಿದ. "ಬಂದಾಗಿಂದ ನೋಡ್ತಿದೀನಿ, ಕುರ್ಚಿ ಕಾಣ್ತಾ ಇಲ್ಲ. ಅಪ್ಪನೂ ತೀರ್ಕೊಂಡ್ರಾ?"

ಅಮ್ಮ ನನ್ನನ್ನು ನೋಡಿದಳು. ನಾನು ಹೇಳಿದೆ: "ಅಪ್ಪ ಸತ್ತಾಗ ಅಣ್ಣನಿಗೆ ಒಂಬತ್ತು ವರ್ಷ, ನಂಗೆ ಮೂರು. ಆ ಕುರ್ಚಿ ಇರಲೇ ಇಲ್ಲ. ನಮ್ಮನೇಲಿ ಇದ್ದಿದ್ದು ಎರಡು ಬೆಂಚು."

ಅನೆಸ್ತಿಸ್ ಬಟ್ಟಲು ಕೆಳಗಿಟ್ಟ. "ಕುರ್ಚಿಯ ಎಡಗೈ ಸಡಿಲ ಅಂದಿದ್ದ," ಎಂದ. "ಒರಗಬೇಡ್ರೋ ಅಂತ ನಮ್ಗೆ ಬೈತಿದ್ದ."

ಅಮ್ಮನೂ ಕಿಟಕಿಯ ಕಡೆ ನೋಡಿದಳು. ಆಮೇಲೆ, "ಅಪ್ಪ ಏನಂತಿದ್ರು? ರೊಟ್ಟಿ ಕೊಡುವಾಗ?" ಎಂದು ಕೇಳಿದಳು. ಗಂಡನ ಸುದ್ದಿ ಬೇರೆ ಊರಿಂದ ಬಂದವರನ್ನು ಕೇಳುವ ಹಾಗೆ.

"'ಸುಡ್ತಿದೆ, ಊದ್ಕೊಂಡು ತಿನ್ನಿ' ಅಂತಿದ್ರು."

ಅಮ್ಮ ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದಳು.

ನಾನು ಬಟ್ಟಲುಗಳನ್ನು ಅಡುಗೆಮನೆಗೆ ಒಯ್ದೆ. ಅವನು ನೀರು ಸೇದಿ ತಂದುಕೊಟ್ಟ. ಕೇಳಬಾರದು ಎಂದುಕೊಂಡಿದ್ದೆ, ಆದರೂ ಕೇಳಿದೆ.

"ಅವನಿಗೆ ಗೊತ್ತಿತ್ತಾ?"

"ಏನು?"

"ಪತ್ರಿಕೇಲಿ ಬಂದಿದ್ದು."

೧೯೪೯ರ ವಸಂತದಲ್ಲಿ ನಾನು ಆ ಹೇಳಿಕೆಗೆ ಸಹಿ ಹಾಕಿದ್ದೆ. ನಿಷ್ಠಾವಂತ ಪ್ರಜೆ ಎಂಬ ಪ್ರಮಾಣಪತ್ರವಿಲ್ಲದೆ ಮೇಷ್ಟ್ರ ಕೆಲಸ ಸಿಗುತ್ತಿರಲಿಲ್ಲ, ಜೈಲಿನಲ್ಲಿ ಅಣ್ಣನಿರುವವಳಿಗೆ ಆ ಪ್ರಮಾಣಪತ್ರ ಸಿಗುತ್ತಿರಲಿಲ್ಲ. ನನಗೆ ಹತ್ತೊಂಬತ್ತು. ಅಮ್ಮ ಬೇರೆಯವರ ತೋಟದಲ್ಲಿ ನಿಂಬೆಹಣ್ಣು ಹೊತ್ತು ಬೆನ್ನು ಬಗ್ಗಿದ್ದಳು. ಠಾಣೆಯಲ್ಲಿ ಮೊದಲೇ ಬರೆದಿಟ್ಟಿದ್ದರು, ಹೆಸರಿನ ಜಾಗ ಮಾತ್ರ ಖಾಲಿ. "ದೇಶದ್ರೋಹಿಯಾದ ನನ್ನ ಅಣ್ಣ ಅರ್ಗೀರಿಸ್‌ನನ್ನು ನಾನು ಖಂಡಿಸುತ್ತೇನೆ, ಇಂದಿನಿಂದ ಅವನಿಗೂ ನನಗೂ ಯಾವ ಸಂಬಂಧವೂ ಇಲ್ಲ." ಅಥೆನ್ಸಿನ ಪತ್ರಿಕೆಯೊಂದರ ಒಳಪುಟದಲ್ಲಿ ಅಚ್ಚಾಯಿತು. ಊರಲ್ಲಿ ಓದು ಬಲ್ಲವರು ಓದಿದರು. ಅಮ್ಮನಿಗೆ ಯಾರೂ ಹೇಳಲಿಲ್ಲ. ಆ ಬೇಸಿಗೆಯಿಂದ ಅಣ್ಣನ ಕಾಗದ ಬರುವುದು ನಿಂತಿತು. ಜೈಲಿನವರು ಕಳಿಸುತ್ತಿಲ್ಲ ಎಂದು ಅಮ್ಮ ನಂಬಿದ್ದಳು. ನಾನೂ ಹಾಗೆಂದೇ ಹೇಳುತ್ತಿದ್ದೆ.

ಅನೆಸ್ತಿಸ್ ಕೊಡ ಕೆಳಗಿಟ್ಟ. "ಗೊತ್ತಿತ್ತು," ಅಂದ. "ಅಧಿಕಾರಿ ಬಂದು ಎಲ್ರ ಎದುರಿಗೂ ಓದಿದ. 'ನೋಡು, ನಿನ್ನ ತಂಗಿಯೇ ಬೇಡ ಅಂದಳು, ನೀನೂ ತಪ್ಪಾಯ್ತು ಅಂತ ಸಹಿ ಹಾಕಿ ಮನೆಗೆ ಹೋಗು' ಅಂತ. ಇವನು ಸಹಿ ಹಾಕಲಿಲ್ಲ."

"ಏನಂದ?"

"ಏನೂ ಅನ್ನಲಿಲ್ಲ. ಅವತ್ತು ಸಂಜೆ ಅವನದೇ ಸರದಿ. ಬೇಡ ಬಿಡು ಅಂದ್ವಿ. ಇಲ್ಲ ಮಾಡ್ತೀನಿ ಅಂತ ಶುರು ಮಾಡ್ದ. ಗೇಟು, ಬಾವಿ, ಎಲ್ಲ ಸರಿಯಾಗೇ ಹೇಳ್ದ. ಮೊಟ್ಟೆಗೆ ಸಾರು ಸುರಿಯೋ ಹೊತ್ತು ಬಂತು. ಸುಮ್ಮನಾದ. ನಾವು ಕಾದ್ವಿ. ಸುಮಾರು ಹೊತ್ತು ಕಾದ್ವಿ. ಆಮೇಲೆ, 'ಒಡೆದುಹೋಯ್ತು ಕಣ್ರೋ, ಇವತ್ತು ಯಾರಿಗೂ ಊಟ ಇಲ್ಲ' ಅಂದು ಗೋಡೆ ಕಡೆ ತಿರುಗಿ ಮಲಗ್ದ."

ನಾನು ಬಟ್ಟಲು ಕೆಳಗಿಟ್ಟೆ. "ಆಮೇಲೆ?"

"ಆಮೇಲೆ ಬೇರೆ ಏನೇನೋ ಮಾಡ್ತಿದ್ದ. ಬೇಳೆ, ಮೀನು. ಇದನ್ನ ಮಾತ್ರ ಮಾಡಲಿಲ್ಲ. ಕೊನೇ ವಾರ ಜ್ವರ ಏರಿದಾಗ ನನ್ನ ಹತ್ರ ಕೇಳ್ದ, ನೀನು ಮಾಡು ಅಂತ. ನಂಗೆ ಪೂರ್ತಿ ಬಾಯಿಪಾಠ ಆಗಿತ್ತಲ್ಲ, ಮಾಡ್ದೆ. ಮುತ್ತಿನ ಸದ್ದೂ ನಾನೇ ಮಾಡ್ದೆ. ಅವನು ನನ್ನ ತೋಳು ಹಿಡ್ಕೊಂಡ. 'ನೀನಲ್ಲ, ಅವಳು ಮಾಡಬೇಕು' ಅಂದ."

"ಅಷ್ಟೇನಾ?"

"ಅಷ್ಟೇ. ಕೋಪದಲ್ಲಿ ಅಂದನೋ, ಆಸೆಯಿಂದ ಅಂದನೋ, ಗೊತ್ತಾಗಲಿಲ್ಲ. ಸುಳ್ಳು ಹೇಳಬಹುದಿತ್ತು ನಿಮ್ಗೆ. ದೋಣೀಲಿ ಕೂತು ಅದನ್ನೇ ಯೋಚಿಸ್ತಾ ಬಂದೆ. ಇಲ್ಲಿಗೆ ಬಂದ ಮೇಲೆ ಆಗಲಿಲ್ಲ."

ಆಗ ಒಳಗಿನಿಂದ ಅಮ್ಮನ ದನಿ ಬಂತು. ನಿದ್ದೆಯ ದನಿಯಲ್ಲ.

"ಎಷ್ಟು ಸಾಲಿತ್ತು ಅದು?"

ಬಾಗಿಲವರೆಗೂ ಹೋಗಿ ನಿಂತೆ. ಅವಳು ಚಾವಣಿಯನ್ನೇ ನೋಡುತ್ತಿದ್ದಳು.

"ಮೂರು ಸಾಲು, ಅಮ್ಮ."

"ಮೂರೇ?"

"ಮೂರೇ."

ಅವಳು ಗೋಡೆಯ ಕಡೆ ತಿರುಗಿದಳು. ಸಂಜೆಯವರೆಗೆ ಹಾಗೇ ಇದ್ದಳು.

ಅನೆಸ್ತಿಸ್ ಆ ರಾತ್ರಿ ಗರುಫಾಲಿಯಾಳ ಮನೆಯಲ್ಲಿ ಮಲಗಿದ. ಬೆಳಿಗ್ಗೆ ದೋಣಿಗೆ ಹೊರಡುವ ಮುಂಚೆ ಬಂದು, ಮನೆಯನ್ನು ಇದ್ದ ಹಾಗೆ ತೋರಿಸಿ ಎಂದು ನನ್ನನ್ನು ಕೇಳಿದ. ತೋರಿಸಿದೆ. ಇಲ್ಲಿ ಬೆಂಚು. ಇದು ಅಪ್ಪ ಸತ್ತ ಮೂಲೆ. ಈ ಬಾವಿ ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಅವನು ಒಂದೊಂದನ್ನೂ ಮುಟ್ಟಿ ನೋಡಿದ, ಯಾವುದನ್ನೂ ಅಲ್ಲಗಳೆಯಲಿಲ್ಲ.

"ಇದನ್ನೂ ನೆನಪಿಟ್ಕೋತೀನಿ," ಅಂದ. "ಆದ್ರೆ ಆ ಇನ್ನೊಂದು ಮನೆ ಬಿಡೋಕಾಗಲ್ಲ ಮೇಷ್ಟ್ರಮ್ಮ. ನಂಗಿರೋದು ಅದೊಂದೇ."

ಅಮ್ಮ ಅವನ ತಲೆಗೆ ಮುತ್ತಿಟ್ಟು, ಒಂದು ಚೀಲ ನಿಂಬೆಹಣ್ಣು ಕೊಡಿಸಿದಳು. ಅವನು ಪಿರೇಯಸ್ ಬಂದರಿನಲ್ಲಿ ಹಡಗುಗಳಿಗೆ ಬಣ್ಣ ಹೊಡೆಯುವ ಕೆಲಸ ಹಿಡಿದ. ವರ್ಷಕ್ಕೊಂದು ಕಾಗದ ಅಮ್ಮನ ಹೆಸರಿಗೆ ಬರುತ್ತಿತ್ತು. ಓದಿ ಹೇಳುತ್ತಿದ್ದವಳು ನಾನು.

ಅಮ್ಮ ಗುಣವಾದಳು. ಇನ್ನೂ ನಾಲ್ಕು ವರ್ಷ ಬದುಕಿದಳು. ಆ ಮೂರು ಸಾಲಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಬೈಯಲಿಲ್ಲ, ನನ್ನ ಕೈಯ ಊಟ ಬೇಡವೆನ್ನಲಿಲ್ಲ. ಅದುವರೆಗೆ ನನ್ನನ್ನು 'ಮಗಳೇ' ಎಂದು ಕರೆಯುತ್ತಿದ್ದವಳು ಆ ದಿನದಿಂದ 'ಸ್ತಮಾತಿಯಾ' ಎನ್ನತೊಡಗಿದಳು. ಅಷ್ಟೇ ವ್ಯತ್ಯಾಸ. ಹೊರಗಿನವರಿಗೆ ತಿಳಿಯುವಂಥದ್ದಲ್ಲ. ಆ ವಸಂತದಲ್ಲಿ ಬಡಗಿಯನ್ನು ಕರೆಸಿ ಕೈಯಿರುವ ಒಂದು ಕುರ್ಚಿ ಮಾಡಿಸಿ ಕಿಟಕಿಯ ಪಕ್ಕ ಇಡಿಸಿದಳು. ಎಡಗೈಯನ್ನು ಸಡಿಲ ಬಿಡು ಎಂದಾಗ ಬಡಗಿ ನಕ್ಕ, ಅವಳು ನಗಲಿಲ್ಲ. ಊಟದ ಹೊತ್ತಿಗೆ ಆ ಕಡೆ ನೋಡಿ ಕಾಯುತ್ತಿದ್ದಳು. ನಾನು ರೊಟ್ಟಿಗೆ ಕೈ ಹಾಕಿದರೆ, "ತಡಿ, ಅವರು ಕೊಡ್ಲಿ" ಎನ್ನುತ್ತಿದ್ದಳು. ಮೊದಮೊದಲು ನನಗೆ ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ನಾನೂ ಕಾಯುವುದನ್ನು ಕಲಿತೆ.

ಅವಳ ಕೊನೆಯ ಕಾಯಿಲೆಯಲ್ಲಿ ಆ ಸಾರನ್ನು ನಾನೇ ಮಾಡಿದೆ. ಒಂದು ಕೈಯಲ್ಲಿ ಸುರಿದೆ, ಇನ್ನೊಂದರಲ್ಲಿ ಕಡೆದೆ, ತುಟಿಯನ್ನು ಪಾತ್ರೆಯ ಹತ್ತಿರ ತಂದು ಮುತ್ತಿನ ಸದ್ದು ಮಾಡಿದೆ. ಅವಳು ಒಳಗಿನಿಂದ ಕೇಳುತ್ತಿದ್ದಳು. ಸಾರು ಒಡೆಯಲಿಲ್ಲ. ನಾನು ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತೆ, ಅದರಿಂದ ಏನಾದರೂ ತಿಳಿದೀತೇನೋ ಎಂದು. ಏನೂ ತಿಳಿಯಲಿಲ್ಲ. ಚೆನ್ನಾಗಿ ಮಾಡಿದ ಸಾರು, ಅಷ್ಟೇ. ಅಮ್ಮ ಮೂರು ಚಮಚ ಕುಡಿದು, "ಸಾಕು, ಸ್ತಮಾತಿಯಾ" ಅಂದಳು.

ಠಾಣೆಯಲ್ಲಿ ಸಹಿ ಹಾಕಿದ ಆ ಹೇಳಿಕೆಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಕೆಲಸ ಹೋಗುತ್ತಿತ್ತು. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದೆ. ೧೯೮೯ರ ಬೇಸಿಗೆಯಲ್ಲಿ ಸರ್ಕಾರ, ಜನರ ಮೇಲೆ ಪೋಲೀಸರು ಇಟ್ಟಿದ್ದ ಅಂಥ ಕಡತಗಳನ್ನೆಲ್ಲ ಕುಲುಮೆಗೆ ಹಾಕಿಸಿ ಸುಡಿಸಿತು. ಮುದುಕಿಯಾಗಿದ್ದ ಗರುಫಾಲಿಯಾ ನಮ್ಮ ಅಂಗಳಕ್ಕೆ ಬಂದು, "ಇನ್ನು ಮುಗೀತು ಬಿಡೆ, ಎಲ್ಲ ಬೂದಿಯಾಯ್ತು" ಎಂದು ನನ್ನ ಕೈ ಹಿಡಿದುಕೊಂಡಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವಳು ಹೋದ ಮೇಲೆ ನಾನು ಬೆಂಚಿನ ಮೇಲೆ ಕೂತು ಆ ಮೂರು ಸಾಲನ್ನು ಮನಸ್ಸಿನಲ್ಲೇ ಓದಿದೆ. ಒಂದಕ್ಷರವೂ ಮರೆತಿರಲಿಲ್ಲ.